ಗೋಡೆಯೇ ಉಳಿಯದ ಎಟ್ರಸ್ಕನ್ ಕಟ್ಟಡ ಹೇಗಿತ್ತೆಂದು ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ: ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ಪ್ರಬಲರಾಗಿದ್ದ ಎಟ್ರಸ್ಕನ್ನರು ಮಣ್ಣು, ಮರದಲ್ಲಿ ಕಟ್ಟುತ್ತಿದ್ದರು, ಎರಡೂ ಇಷ್ಟು ಹೊತ್ತಿಗೆ ಕರಗಿಹೋಗಿವೆ. ಹಾಗಿರುವಾಗ ಗೋಡೆ ಹೀಗಿತ್ತು, ಮಾಡು ಹೀಗಿತ್ತು ಎಂದು ಅಗೆಯುವವರು ಯಾವ ಆಧಾರದ ಮೇಲೆ ಹೇಳುತ್ತಾರೆ?

ಮೊದಲ ಆಧಾರ ಬಿದ್ದ ಹೆಂಚು. ಇಟಲಿಯ ಸಿಯೆನಾ ನಗರದ ದಕ್ಷಿಣಕ್ಕೆ ಮುರ್ಲೊ ಎಂಬ ಊರಿದೆ. ಅದರ ಪಕ್ಕದ ಪೊಜ್ಜೊ ಚಿವಿತಾತೆ ಗುಡ್ಡವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಲ್ಲಿ 1966ರಲ್ಲಿ ಪುರಾತತ್ವಜ್ಞ ಕೈಲ್ ಮೆರೆಡಿತ್ ಫಿಲಿಪ್ಸ್ ಉತ್ಖನನ ಶುರುಮಾಡಿದರು. ಒಂದೇ ಜಾಗದಲ್ಲಿ ಎರಡು ಕಾಲದ ಕಟ್ಟಡಗಳು ಸಿಕ್ಕವು. ಹಳೆಯವು ಕ್ರಿ.ಪೂ. 7ನೇ ಶತಮಾನದ ಕೊನೆಯ ಹೊತ್ತಿಗೆ ಸುಟ್ಟುಹೋದವು. ಅವುಗಳ ಮೇಲೆ ಸುಮಾರು 60 ಮೀಟರ್ ಉದ್ದಗಲದ, ನಡುವೆ ಅಂಗಳವಿರುವ ದೊಡ್ಡ ಕಟ್ಟಡ ಎದ್ದಿತು. ಅದನ್ನು ಕ್ರಿ.ಪೂ. 6ನೇ ಶತಮಾನದಲ್ಲಿ ಬೇಕೆಂದೇ ಕೆಡವಿದರು.

ಸುಟ್ಟಿದ್ದು ಮತ್ತು ಕೆಡವಿದ್ದು, ಈ ವ್ಯತ್ಯಾಸದ ಮೇಲೇ ಎಲ್ಲ ನಿಂತಿದೆ. ಬೆಂಕಿ ಬಿದ್ದಾಗ ತೊಲೆ ಸುಟ್ಟು ಮಾಡು ಕುಸಿಯುತ್ತದೆ, ಹೆಂಚು ಇದ್ದಲ್ಲೇ ನೆಲಕ್ಕೆ ಬೀಳುತ್ತದೆ. ಆಮೇಲೆ ಮಳೆಗೆ ಗೋಡೆ ಕರಗಿ ಹೆಂಚಿನ ಮೇಲೆ ಹರಡುತ್ತದೆ. ಹಾಗಾಗಿ ಮೇಲಿನಿಂದ ಅಗೆದರೆ ಮೊದಲು ಬೇರು ತುಂಬಿದ ಮೇಲ್ಮಣ್ಣು, ನಂತರ ಕರಗಿದ ಗೋಡೆಯ ಜೇಡಿ, ಅದರಡಿ ಹೆಂಚಿನ ರಾಶಿ, ಇದ್ದಿಲು, ಕೊನೆಗೆ ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ ಸಿಗುತ್ತವೆ. ಹೆಂಚಿನ ಅಡಿಯಲ್ಲೇ ದಪ್ಪ ಜೇಡಿ ಸಿಕ್ಕಿತೋ, ಮಾಡು ಬೀಳುವ ಮೊದಲೇ ಗೋಡೆ ಕರಗತೊಡಗಿತ್ತೆಂದು ಅನುಮಾನಿಸಬೇಕು.

ಹೆಂಚಿನ ಪದರ ಕಂಡೊಡನೆ ಗುದ್ದಲಿ ಬದಿಗಿಟ್ಟು ಕರಣಿ, ಬ್ರಷ್ ಹಿಡಿಯಬೇಕು. ಒಂದು ಚೂರನ್ನೂ ಎತ್ತುವ ಮೊದಲು ಇಡೀ ಹರವಿನ ನಕ್ಷೆ, ಫೋಟೊ, ಮಟ್ಟದ ಅಳತೆ ಆಗಬೇಕು. ಅವಸರಕ್ಕೆ ಎತ್ತಿಬಿಟ್ಟರೆ ಯಾವ ಚೂರು ಸೂರಿನಂಚಿನದು, ಯಾವುದು ನೆತ್ತಿಯದು ಎಂದು ಹೇಳುವ ದಾರಿ ಮುಚ್ಚಿದಂತೆಯೇ.

ಹೆಂಚು ಎರಡು ಬಗೆ: ಎರಡು ಬದಿ ಅಂಚು ಎದ್ದ ಚಪ್ಪಟೆ ಹೆಂಚು, ಎರಡರ ನಡುವಿನ ಸಂದು ಮುಚ್ಚುವ ಅರ್ಧ ಕೊಳವೆಯಾಕಾರದ ಮುಚ್ಚುಹೆಂಚು. ಚೂರು ಎಣಿಸಿ ಪ್ರಯೋಜನವಿಲ್ಲ, ಒಂದೇ ಹೆಂಚು ಐದಾಗಿಯೂ ಒಡೆಯಬಹುದು, ಐವತ್ತಾಗಿಯೂ ಒಡೆಯಬಹುದು. ಚಪ್ಪಟೆ ಹೆಂಚಿನ ಮೂಲೆಗಳನ್ನು ಎಣಿಸಿ ನಾಲ್ಕರಿಂದ ಭಾಗಿಸಿದರೆ ಕನಿಷ್ಠ ಸಂಖ್ಯೆ ಸಿಗುತ್ತದೆ. ಬಗೆಬಗೆಯಾಗಿ ಬೇರ್ಪಡಿಸಿ ತೂಗಿದರೆ ಅದನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ಲೆಕ್ಕಕ್ಕಾಗಿ 60 × 50 ಸೆಂ.ಮೀ. ಹೆಂಚು, ಮೇಲಿನ ಹೆಂಚು ಕೆಳಗಿನದರ ಉದ್ದದಲ್ಲಿ 5 ಸೆಂ.ಮೀ. ಮುಚ್ಚುತ್ತದೆ ಎಂದಿಟ್ಟುಕೊಳ್ಳಿ: ಚದರ ಮೀಟರಿಗೆ 3.6 ಹೆಂಚು. ಮುಚ್ಚುಹೆಂಚೂ ಸೇರಿ ಜೋಡಿಗೆ 15 ಕಿಲೊ ಎಂದರೆ 54 ಕಿಲೊ, 300 ಚದರ ಮೀಟರ್ ಮಾಡಿಗೆ 16 ಟನ್. ಈ ಭಾರ ಗೊತ್ತಾದರೆ ತೊಲೆ ಎಷ್ಟು ದಪ್ಪವಿರಬೇಕು, ಕಂಬಗಳ ಅಂತರ ಎಷ್ಟಿರಬಹುದು ಎಂದು ಹೇಳಬಹುದು. ಹೆಂಚು ಬಹುತೇಕ ತನ್ನ ತೂಕದಿಂದಲೇ ನಿಲ್ಲುತ್ತಿದ್ದುದರಿಂದ ಇಳಿಜಾರು ಕಡಿದಾಗಿರಲು ಸಾಧ್ಯವಿರಲಿಲ್ಲ, ಇದ್ದಿದ್ದರೆ ಜಾರುತ್ತಿತ್ತು.

ಗೋಡೆಗೆ ಸಾಕ್ಷಿ ಸುಟ್ಟ ಮಣ್ಣಿನ ಹೆಂಟೆ. ತಡಿಕೆಗೆ ಮಣ್ಣು ಮೆತ್ತಿದ ಗೋಡೆ ಬೆಂಕಿಯಲ್ಲಿ ಬೆಂದರೆ, ಹೆಂಟೆಯ ಒಳಮೈಯಲ್ಲಿ ಜೊಂಡು, ಕಡ್ಡಿಗಳ ಅಚ್ಚು ಉಳಿಯುತ್ತದೆ. ಅಚ್ಚಿನ ವ್ಯಾಸ, ಅಂತರ ಅಳೆಯಿರಿ, ಹೊರಮೈ ನುಣುಪಾಗಿದೆಯೇ ನೋಡಿ. ಹಸಿ ಇಟ್ಟಿಗೆಯ ಗೋಡೆಯಲ್ಲಿ ಇಂಥ ಅಚ್ಚು ಇರುವುದಿಲ್ಲ. ಇದ್ದಿಲನ್ನು ಪುಡಿಯಾಗದಂತೆ ತೆಗೆದಿಟ್ಟರೆ ಮರದ ಜಾತಿ ತಿಳಿಯಬಹುದು.

ಅಡಿಪಾಯದ ಕಲ್ಲನ್ನು ಮುಂದಿನವರು ಕಿತ್ತೊಯ್ದಿರುವುದೂ ಉಂಟು. ಆಗ ಕಲ್ಲಿನ ಬದಲು, ಸಡಿಲ ಮಣ್ಣು ತುಂಬಿದ ಉದ್ದನೆಯ ಪಟ್ಟಿ ಕಾಣುತ್ತದೆ. ಒಣಗಿದ ನೆಲದಲ್ಲಿ ಅದರ ಬಣ್ಣ ಬೇರೆಯಾಗಿ ತೋರುವುದಿಲ್ಲ. ಸ್ವಲ್ಪ ನೀರು ಚಿಮುಕಿಸಿ, ಕರಣಿಯಿಂದ ತೆಳ್ಳಗೆ ಕೆರೆದು ನೋಡಬೇಕು.

ಪೊಜ್ಜೊ ಚಿವಿತಾತೆಯ ಹಳೆಯ ಕಟ್ಟಡಗಳಲ್ಲಿ ಒಂದು ಕಾರ್ಯಾಗಾರ, 50 ಮೀಟರಿನಷ್ಟು ಉದ್ದ. ಕಂಬದ ಬುಡದ ಕಲ್ಲುಗಳು ಸಾಲಾಗಿ ಸಿಕ್ಕಿವೆ, ಬದಿಗಳಲ್ಲಿ ಗೋಡೆಯಿಲ್ಲ. ಬೆಂಕಿ ಬಿದ್ದ ದಿನ ಅಲ್ಲಿ ಹಸಿ ಹೆಂಚು ಒಣಗಲು ಹಾಕಿದ್ದರು. ಓಡಿದವರ ಹೆಜ್ಜೆ ಮೆತ್ತನೆಯ ಹೆಂಚಿನ ಮೇಲೆ ಮೂಡಿತು, ಅದೇ ಬೆಂಕಿಯಲ್ಲಿ ಬೆಂದು ಉಳಿಯಿತು. ಹೆಂಚು ಗುಡ್ಡದ ಮೇಲೆಯೇ ತಯಾರಾಗುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ನನಗೆ ಗೊತ್ತಿಲ್ಲ.

ಮೇಲಿನ ದೊಡ್ಡ ಕಟ್ಟಡ ಕೆಡವಿದ್ದು, ಹಾಗಾಗಿ ಬಿದ್ದದ್ದು ಬಿದ್ದಲ್ಲೇ ಉಳಿದ ಅನುಕೂಲ ಅಲ್ಲಿಲ್ಲ. ಮಾಡಿನ ನೆತ್ತಿಯಲ್ಲಿ ಕೂತಿದ್ದ, ಅಗಲ ಅಂಚಿನ ಟೋಪಿಯ ಮಣ್ಣಿನ ಮೂರ್ತಿಗಳನ್ನು ಕೆಡವಿದವರೇ ಒಡೆದು ಹೂತಿದ್ದಾರೆ. ಹೀಗೆ ಹೂತ ಚೂರು ಸಿಕ್ಕ ಜಾಗವನ್ನೇ ಅದು ಇದ್ದ ಜಾಗವೆಂದು ಓದಿದರೆ ಮಾಡಿನ ಚಿತ್ರವೇ ತಲೆಕೆಳಗಾಗುತ್ತದೆ. ಅಲ್ಲಿ ನಂಬಬಹುದಾದ್ದು ಚೂರಿನ ಮೈಯಲ್ಲೇ ಇರುವ ಗುರುತು: ಮೂರ್ತಿಯ ಬುಡ ನೆತ್ತಿಹೆಂಚಿಗೆ ಕೂರುವ ಬಾಗು, ಔತಣ, ಕುದುರೆ ಓಟದ ಚಿತ್ರಫಲಕಗಳಲ್ಲಿನ ಮೊಳೆ ತೂತು.

ಎತ್ತರದ ವಿಷಯಕ್ಕೆ ಬಂದರೆ, ಗೋಡೆ ಇಡಿಯಾಗಿ ಹೊರಕ್ಕೆ ಮಗುಚಿ ಬಿದ್ದಿದ್ದರೆ ಮಾತ್ರ ಅಳೆಯಬಹುದು. ಅದು ಅಪರೂಪ. ಉಳಿದ ಕಡೆ ಕರಗಿದ ಜೇಡಿಯ ಗಾತ್ರವನ್ನು ಅಡಿಪಾಯದ ಉದ್ದಗಲದ ವಿಸ್ತೀರ್ಣದಿಂದ ಭಾಗಿಸಿ ಅಂದಾಜು ಮಾಡುತ್ತಾರೆ. ಮಳೆ ಕೊಚ್ಚಿಕೊಂಡು ಹೋದದ್ದು ಈ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಬರುವ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ.