ಹೊಟ್ಟೆಯಲ್ಲೇ ಕೂಸು ತೀರಿಕೊಳ್ಳುವುದನ್ನು ತಡೆಯಲು ವೈದ್ಯರಲ್ಲದ ನಾವು ಏನು ಮಾಡಬಹುದು?

ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ನಿಮ್ಮ ಅತ್ತಿಗೆಯವರ ಕೂಸು ಒಂಬತ್ತನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತೆಂದೂ, ಇಂಥ ಸಾವು ಇನ್ನೊಂದು ಮನೆಯಲ್ಲಿ ಆಗದಂತೆ ಊರಿನ ನಾಲ್ಕು ಜನ ಸೇರಿ ಏನಾದರೂ ಮಾಡಲು ಸಾಧ್ಯವೇ ಎಂದೂ ಕೇಳಿದ್ದೀರಿ. ಸಾಧ್ಯವಿದೆ. ನಾನು ಸಿಂಧನೂರು ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕಿ. ನನ್ನ ಮೊದಲ ಮಗನೂ ಹೀಗೆಯೇ ಹೋದವನು. ಆಮೇಲೆ ಇದೇ ನೋವು ಉಂಡ ಕೆಲವು ತಾಯಂದಿರೊಡನೆ ಸೇರಿ ಸುತ್ತಲಿನ ಹಳ್ಳಿ, ತಾಂಡಾಗಳಲ್ಲಿ ಈ ಕೆಲಸ ಮಾಡುತ್ತ ಬಂದಿದ್ದೇನೆ. ನಮ್ಮ ಗುಂಪಿಗೆ ಹೆಸರೂ ಇಲ್ಲ, ರಸೀದಿ ಪುಸ್ತಕವೂ ಇಲ್ಲ. ಸಾವನ್ನು ತಡೆಯುವುದು ಒಂದು ಕೆಲಸ, ತಾಯಿಗೆ ಸಮಾಧಾನ ಹೇಳುವುದು ಇನ್ನೊಂದು ಕೆಲಸ ಎಂದು ನನಗೆ ಈಗ ಅನ್ನಿಸುವುದಿಲ್ಲ. ಈ ಕೂಸು ಏಕೆ ತೀರಿಕೊಂಡಿತು ಎಂದು ಕೇಳುವುದು, ಉತ್ತರ ಸಿಗುವವರೆಗೆ ಕೇಳುತ್ತಲೇ ಇರುವುದು, ಎರಡಕ್ಕೂ ಅದೇ ಬುಡ.

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರಗಳಿಗೇನೂ ಕೊರತೆಯಿಲ್ಲ. ಗ್ರಹಣದ ದಿನ ಹೊರಗೆ ಬಂದಳು, ಹೊತ್ತಲ್ಲದ ಹೊತ್ತಿನಲ್ಲಿ ಹೊಲಕ್ಕೆ ಹೋದಳು, ಗಾಳಿ ಸೋಕಿತು, ಪಪ್ಪಾಯಿ ತಿಂದಳು ಎಂದು ಯಾವ ಉತ್ತರ ಹೇಳಿದರೂ ತಪ್ಪು ಕೊನೆಗೆ ಬಾಣಂತಿಯ ತಲೆಗೇ ಬರುತ್ತದೆ. ಯಾರ ಮೇಲೂ ಹೊರಿಸದ ಮನೆಯವರು ಹಣೆಬರಹ ಎಂದುಬಿಡುತ್ತಾರೆ. ಆದರೆ ಕಾರಣಗಳಲ್ಲಿ ಹಲವು ಆಸ್ಪತ್ರೆಯ ಕಾಗದದಲ್ಲೇ ಕಾಣಸಿಗುವಂಥವು: ರಕ್ತದೊತ್ತಡ 140/90 ದಾಟಿದ್ದು, ಸಕ್ಕರೆ ಕಾಯಿಲೆ, ರಕ್ತಹೀನತೆ, ಮಾಸು ಹೆರಿಗೆಗೆ ಮುಂಚೆಯೇ ಬಿಟ್ಟುಕೊಂಡದ್ದು, ಕೂಸಿನ ಬೆಳವಣಿಗೆ ಕುಂಠಿತವಾದದ್ದು, ಸಿಫಿಲಿಸ್‌ನಂಥ ಸೋಂಕು, ದಿನ ತುಂಬಿ ಬಹಳ ಮೀರಿದ್ದು, ಹೆರಿಗೆ ನೋವು ಗಂಟೆಗಟ್ಟಲೆ ಎಳೆದದ್ದು. ಎಲ್ಲ ಸಾವಿಗೂ ಕಾರಣ ಸಿಗುತ್ತದೆ ಎಂದು ನಾನು ಹೇಳಲಾರೆ. ಆದರೆ ಸಿಕ್ಕ ಕಾರಣವನ್ನು ಅತ್ತೆ, ಗಂಡ, ತಾಯಿ ಎಲ್ಲರ ಎದುರು ವೈದ್ಯರ ಬಾಯಿಂದಲೇ ಹೇಳಿಸಿದಾಗ ಆ ಮನೆಯ ಮಾತಿನ ಧಾಟಿ ಬದಲಾಗುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಕೇಸ್ ಶೀಟಿನಲ್ಲಿ ಎರಡು ಪದಗಳನ್ನು ಗಮನಿಸಿ. ಚರ್ಮ ಇನ್ನೂ ಕೆಡದ ಕೂಸಾಗಿದ್ದರೆ 'ಫ್ರೆಶ್' ಎಂದೂ, ಚರ್ಮ ಸುಲಿಯತೊಡಗಿದ್ದರೆ 'ಮ್ಯಾಸರೇಟೆಡ್' ಎಂದೂ ಬರೆಯುತ್ತಾರೆ. ಮೊದಲನೆಯದು ಸಾಮಾನ್ಯವಾಗಿ ಹೆರಿಗೆಯ ಹೊತ್ತಿನಲ್ಲಿ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಆದ ಸಾವು. ಆಗ ಕೇಳಬೇಕಾದ ಪ್ರಶ್ನೆಗಳು ಹೆರಿಗೆ ಕೋಣೆಗೆ, ಆಂಬುಲೆನ್ಸಿಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದ ಸಮಯಕ್ಕೆ ಸಂಬಂಧಿಸಿದವು. ಎರಡನೆಯದಾದರೆ ತಪಾಸಣೆಯ ತಿಂಗಳುಗಳ ಕಡೆಗೆ ನೋಡಬೇಕು. ಜಗತ್ತಿನಲ್ಲಿ ಇಂಥ ಸಾವುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಹೆರಿಗೆ ನೋವು ಶುರುವಾದ ಮೇಲೆ ಆಗುತ್ತವೆ ಎಂಬುದು ವಿಶ್ವಸಂಸ್ಥೆಯ ಅಂದಾಜು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 20 ಲಕ್ಷ ಕೂಸುಗಳು ಹೀಗೆ ಹೋದವು. ಅವುಗಳಲ್ಲಿ ಸುಮಾರು 3.4 ಲಕ್ಷ ಭಾರತದವು, ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು.

ತಡೆಯುವ ವಿಷಯದಲ್ಲಿ ಸರ್ಕಾರದ ಏರ್ಪಾಡುಗಳು ಕಾಗದದ ಮೇಲೆ ಕಡಿಮೆಯೇನೂ ಇಲ್ಲ. ತಾಯಿ ಕಾರ್ಡ್ ಇದೆ, 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ, 108 ಇದೆ. ನಮ್ಮ ಭಾಗದಲ್ಲಿ ದಾರ ಕಡಿಯುವುದು ಎರಡು ಕಡೆ. ಗುಳೆ ಹೋದ ಹೆಣ್ಣುಮಕ್ಕಳು ಬೆಂಗಳೂರಿನ ಕಟ್ಟಡ ಕೆಲಸದಿಂದ ಏಳನೇ ತಿಂಗಳಲ್ಲೋ ಎಂಟನೇ ತಿಂಗಳಲ್ಲೋ ಊರಿಗೆ ಮರಳುತ್ತಾರೆ, ಅಷ್ಟರವರೆಗೆ ಒಮ್ಮೆಯೂ ಬಿಪಿ ನೋಡಿಸಿರುವುದಿಲ್ಲ. ಇನ್ನು ಕುಬಸ (ಸೀಮಂತ) ಮಾಡಿಕೊಂಡು ತವರಿಗೆ ಹೋದವಳು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಉಳಿದಿರುತ್ತಾಳೆ, ತವರಿನ ಆಶಾಗೆ ಅವಳು ಬಂದದ್ದೇ ತಿಳಿದಿರುವುದಿಲ್ಲ. ಆದ್ದರಿಂದ ನಾವು ಭಾಷಣ ಮಾಡುವುದನ್ನು ಬಿಟ್ಟು ಇಷ್ಟನ್ನೇ ಹಿಡಿದುಕೊಂಡೆವು: ಓಣಿಗೆ ಹೊಸದಾಗಿ ಬಂದ ಬಸುರಿ ಯಾರು ಎಂದು ತಿಳಿದುಕೊಳ್ಳುವುದು, ಅಲ್ಲಿನ ಆಶಾಗೆ ಫೋನ್ ಮಾಡಿ ತಿಳಿಸುವುದು, 9ನೇ ತಾರೀಖಿಗೆ ಜೊತೆಯಲ್ಲಿ ಕರೆದೊಯ್ಯುವುದು. ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ದಿನಗಳಲ್ಲಿ ಕೂಲಿ ಬಿಟ್ಟು ಬರಲು ಒಪ್ಪಿಸುವುದೇ ಇದರಲ್ಲಿ ಕಷ್ಟದ ಭಾಗ, ಮತ್ತು ಒಪ್ಪಿಸಬೇಕಾದದ್ದು ಬಸುರಿಯನ್ನಲ್ಲ, ಅವಳ ಅತ್ತೆಯನ್ನು.

ಮನೆಮನೆಗೂ ಹೇಳಬೇಕಾದ ಮಾತೆಂದರೆ ಕೂಸಿನ ಮಿಸುಕಾಟ. ಏಳು ತಿಂಗಳು ಕಳೆದ ಮೇಲೆ ದಿನವೂ ಹೊರಳಾಡುತ್ತಿದ್ದ ಕೂಸು ಸಪ್ಪಗಾಯಿತು ಎನಿಸಿದರೆ ಊಟ ಮಾಡಿ ಎಡ ಮಗ್ಗುಲಿಗೆ ಮಲಗಿ ಗಮನಿಸಿ, ಎರಡು ಗಂಟೆಯಲ್ಲಿ ಹತ್ತು ಬಾರಿಯಾದರೂ ಮಿಸುಕದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ; ಮಿಸುಕಾಟ ಪೂರ್ತಿ ನಿಂತಿದ್ದರೆ ಎರಡು ಗಂಟೆಯನ್ನೂ ಕಾಯಬಾರದು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಬಾಯುವುದು, ರಕ್ತ ಕಾಣಿಸುವುದು, ಇವಕ್ಕೂ ಅದೇ ಮಾತು. ಇಲ್ಲೊಂದು ವಿಷಯ ಮುಚ್ಚಿಡಬಾರದು. ಮಿಸುಕಾಟದ ಅರಿವು ಮೂಡಿಸುವುದರಿಂದ ಸಾವು ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಸ್ಪಷ್ಟ ಇಳಿಕೆಯನ್ನು ತೋರಿಸಲಿಲ್ಲ. ಅಲ್ಲಿ ಆಸ್ಪತ್ರೆ ಹತ್ತಿರದಲ್ಲಿದೆ, ತಪಾಸಣೆ ಮೊದಲೇ ಚೆನ್ನಾಗಿದೆ. ನಾಳೆ ಬೆಳಿಗ್ಗೆ ನೋಡೋಣ ಎನ್ನುವ ನಮ್ಮ ಊರುಗಳಲ್ಲಿ ಆ ಒಂದು ರಾತ್ರಿಯನ್ನು ಉಳಿಸುವುದಕ್ಕೆ ಬೆಲೆಯಿದೆ ಎಂಬುದು ನನ್ನ ನಂಬಿಕೆ.

ಕೂಸು ಹೋದ ಮೇಲಿನ ದಿನಗಳ ಬಗ್ಗೆ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಅಲ್ಲಿ ಯಾರೂ ಇರುವುದಿಲ್ಲ. ಕೂಸಿನ ಆರೈಕೆಗೆಂದು 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬರುವ ಪದ್ಧತಿಯಿದೆ; ಕೂಸೇ ಇಲ್ಲದ ಮನೆಗೆ ಆ ಭೇಟಿಗಳು ತಪ್ಪಿಹೋಗುವುದನ್ನು ಕಂಡಿದ್ದೇನೆ. ಆದರೆ ಬಾಣಂತಿಗೆ ರಕ್ತಸ್ರಾವ, ಜ್ವರ, ಬಿಪಿ ಎಲ್ಲವೂ ಉಳಿದವರಂತೆಯೇ ಬರುತ್ತವೆ. ಮೂರನೇ ದಿನದ ಹೊತ್ತಿಗೆ ಎದೆಹಾಲೂ ಬರುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ ಆ ತಾಯಿ ಅನುಭವಿಸುವುದನ್ನು ಬರೆಯಲು ನನಗೆ ಬರುವುದಿಲ್ಲ. ಹಿಂಡಿ ತೆಗೆದಷ್ಟೂ ಹಾಲು ಹೆಚ್ಚು ಬರುತ್ತದೆ, ಆದ್ದರಿಂದ ನೋವು ತಗ್ಗುವಷ್ಟೇ ತೆಗೆದು ತಣ್ಣನೆಯ ಬಟ್ಟೆ ಇಡಬೇಕು. ಹಾಲು ನಿಲ್ಲಿಸುವ ಮಾತ್ರೆ ಬಿಪಿ ಇದ್ದವರಿಗೆ ಅಪಾಯವಾಗಬಹುದು, ಅಂಗಡಿಯಿಂದ ತಂದು ಕೊಡಬಾರದು, ವೈದ್ಯರನ್ನೇ ಕೇಳಬೇಕು.

ಕೂಸನ್ನು ತಾಯಿಗೆ ತೋರಿಸಬೇಕೇ ಎಂಬುದು ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ. ನನಗೆ ಬಿಪಿ ಏರಿ ಫಿಟ್ಸ್ ಬಂದಿತ್ತು. ಪೂರ್ತಿ ಎಚ್ಚರವಾಗುವ ಹೊತ್ತಿಗೆ ಹಿರಿಯರು ಮಣ್ಣು ಮಾಡಿ ಬಂದಿದ್ದರು. ನೋಡಿದರೆ ಸಂಕಟ ಹೆಚ್ಚುತ್ತದೆ ಎಂಬ ಕಾಳಜಿಯಿಂದಲೇ ಮಾಡಿದ್ದು, ಅದು ನನಗೆ ಗೊತ್ತು. ಈಗ ನಾವು ಹೇಳುವುದು ಇಷ್ಟೇ: ಒತ್ತಾಯಿಸಬೇಡಿ, ತಡೆಯಲೂ ಬೇಡಿ, ಅವಳನ್ನು ಒಮ್ಮೆ ಕೇಳಿ, ಬೇಡ ಎಂದರೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿ. ಗಂಡಂದಿರನ್ನೂ ಮಾತನಾಡಿಸಬೇಕು, ಗುಂಡಿ ತೋಡಿಸಿ ಬಂದವನನ್ನು ಯಾರೂ ಕೇಳಿರುವುದಿಲ್ಲ. ನಿದ್ದೆ, ಊಟ ಬಿಟ್ಟು ವಾರಗಳಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಕಾನೂನಿನ ಸಂಗತಿ ಸಣ್ಣದಲ್ಲ. 28 ವಾರ ತುಂಬಿದ ಮೇಲೆ ಸತ್ತು ಹುಟ್ಟಿದ ಕೂಸನ್ನೂ 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಆಗಿದ್ದರೆ ವರದಿ ಕಳಿಸುವ ಹೊಣೆ ಅಲ್ಲಿನ ವೈದ್ಯಾಧಿಕಾರಿಯದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ (2025ರ ನವೆಂಬರ್‌ನಲ್ಲಿ ಇದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ) ವ್ಯಾಖ್ಯೆಯಲ್ಲಿ ಮಗು ಎಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತಿತ್ತು, ಈಗಲೂ ಇದನ್ನು ಗರ್ಭಪಾತವೆಂದು ಬರೆದು ಆರು ವಾರದ ರಜೆಗೆ ಇಳಿಸಲು ಹೊರಟರೆ ಆಕ್ಷೇಪಿಸಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ವಿಷಯ ವಿಧಾನಮಂಡಲದವರೆಗೆ ಹೋಯಿತು, ಹೋಗಲೇಬೇಕಿತ್ತು. ಹೊಟ್ಟೆಯಲ್ಲೇ ತೀರಿದ ಕೂಸಿಗೆ ಪಂಚಾಯಿತಿಯಲ್ಲೂ ಪ್ರಸ್ತಾಪವಿಲ್ಲ. ಸಾವಿರ ಹೆರಿಗೆಗೆ ಇಂಥ ಸಾವು 2030ರೊಳಗೆ ಒಂದಂಕಿಗೆ ಇಳಿಯಬೇಕು ಎಂದು 2014ರ ರಾಷ್ಟ್ರೀಯ ನವಜಾತ ಶಿಶು ಕ್ರಿಯಾ ಯೋಜನೆ ಹೇಳುತ್ತದೆ. ಹಾಗಾದರೆ ನಮ್ಮ ತಾಲ್ಲೂಕಿನಲ್ಲಿ ಈ ವರ್ಷ ಎಷ್ಟು, ಅದರಲ್ಲಿ ಫ್ರೆಶ್ ಎಷ್ಟು ಎಂದು ಗ್ರಾಮ ಆರೋಗ್ಯ ಸಮಿತಿಯಲ್ಲೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೂ ಲಿಖಿತವಾಗಿ ಕೇಳಿ. ಬ್ರಿಟನ್ನಿನಲ್ಲಿ ಕೂಸು ಕಳೆದುಕೊಂಡ ಹೆತ್ತವರಿಗೆ ಆಸರೆಯಾಗಿರುವ ಸ್ಯಾಂಡ್ಸ್ ಸಂಸ್ಥೆ 1978ರಲ್ಲಿ ಹುಟ್ಟಿದ್ದು ಇಂಥ ಹೆತ್ತವರಿಂದಲೇ.

ನೀವು ಅತ್ತಿಗೆಯವರಿಂದಲೇ ಆರಂಭಿಸಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ಡಿಸ್ಚಾರ್ಜ್ ಕಾಗದ ಯಾವುದನ್ನೂ ಎಸೆಯದಂತೆ ಒಂದೆಡೆ ಇಡಿ. ಅವರು ಒಪ್ಪಿದರೆ ಜೊತೆಗೆ ಹೋಗಿ ಸ್ತ್ರೀರೋಗ ತಜ್ಞರಿಂದ ಕಾರಣ ಕೇಳಿಸಿ, ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ಮತ್ತೆ ನೋಡಿಸಿ. ಮುಂದಿನ ಬಸಿರಿಗೆ ಎಷ್ಟು ಅಂತರ ಬೇಕು, ಫೋಲಿಕ್ ಆಮ್ಲದ ಮಾತ್ರೆ ಯಾವಾಗ ಶುರು ಮಾಡಬೇಕು ಎಂಬುದನ್ನು ಅದೇ ಭೇಟಿಯಲ್ಲಿ ಬರೆಸಿಕೊಳ್ಳಿ.