ಓದುಗರ ಪ್ರಶ್ನೆ: ಬೋಟಿಗೆ ಥರ್ಮಲ್ ಕ್ಯಾಮೆರಾ ಬೇಕೆ?

ಪ್ರಶ್ನೆ: ನನ್ನ ಅಣ್ಣ ಮಲ್ಪೆಯ ಆಳಸಮುದ್ರ ಬೋಟೊಂದರ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿಯುವುದರೊಳಗೆ ಬೋಟಿಗೆ ಥರ್ಮಲ್ ಕ್ಯಾಮೆರಾ ಹಾಕಿಸಬೇಕೆಂದಿದ್ದಾನೆ. ಬೆಳಕೇ ಇಲ್ಲದ ಕಡೆ ಅದಕ್ಕೆ ಕಾಣುವುದು ಹೇಗೆ?

ಉತ್ತರ: ಬೆಳಕಿಲ್ಲ ಎಂಬುದು ನಮ್ಮ ಕಣ್ಣಿನ ಮಟ್ಟಿಗೆ ಮಾತ್ರ ನಿಜ. ಮಂಜುಗಡ್ಡೆಯೂ ಸೇರಿದಂತೆ ಪ್ರತಿಯೊಂದು ವಸ್ತುವೂ ತನ್ನ ತಾಪಕ್ಕೆ ತಕ್ಕಷ್ಟು ಅವಕೆಂಪು ಕಿರಣಗಳನ್ನು, ಅಂದರೆ ಇನ್‌ಫ್ರಾರೆಡ್ ಕಿರಣಗಳನ್ನು, ಹಗಲು ರಾತ್ರಿ ಹೊಮ್ಮಿಸುತ್ತಲೇ ಇರುತ್ತದೆ. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪಿನ ಅಂಚಿನಾಚೆ ಕಣ್ಣಿಗೆ ಏನೂ ಕಾಣದ ಜಾಗದಲ್ಲಿಟ್ಟ ಥರ್ಮಾಮೀಟರ್ ಏರುವುದನ್ನು ಕಂಡಾಗ ಈ ಕಿರಣಗಳ ಸುಳಿವು ಸಿಕ್ಕಿತು. ಮನುಷ್ಯನ ಮೈ, ಮರದ ಹಲಗೆ, ಕಡಲ ನೀರು ಇವೆಲ್ಲ ಹೊಮ್ಮಿಸುವ ಕಿರಣಗಳ ತರಂಗಾಂತರ ಮುಖ್ಯವಾಗಿ 10 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮ್ಮ ಕಣ್ಣು ಗ್ರಹಿಸುವುದು ಸುಮಾರು 0.4ರಿಂದ 0.7 ಮೈಕ್ರಾನ್‌ವರೆಗೆ ಮಾತ್ರ.

ಬೋಟುಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ಯಾಮೆರಾದೊಳಗೆ ಮೈಕ್ರೋಬೋಲೋಮೀಟರ್ ಎಂಬ ಚಿಪ್ ಇರುತ್ತದೆ. ಅದರ ಮೇಲೆ 12 ಅಥವಾ 17 ಮೈಕ್ರಾನ್ ಅಳತೆಯ ಸಾವಿರಾರು ಪುಟ್ಟ ಹಾಳೆಗಳು, ಕೂದಲೆಳೆಗಿಂತ ಎಷ್ಟೋ ಸಣ್ಣ ಮಂಚಗಳಂತೆ, ತೆಳ್ಳನೆಯ ಕಾಲುಗಳ ಮೇಲೆ ನಿರ್ವಾತದಲ್ಲಿ ನಿಂತಿರುತ್ತವೆ. ಕಿರಣ ಬಿದ್ದ ಹಾಳೆ ಎಳ್ಳಷ್ಟು ಬಿಸಿಯಾಗುತ್ತದೆ, ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನೇ ಬಿಳುಪು ಕಪ್ಪುಗಳ ಚಿತ್ರವಾಗಿ ಪರದೆಯ ಮೇಲೆ ಮೂಡಿಸಲಾಗುತ್ತದೆ. ಒಳ್ಳೆಯ ಕ್ಯಾಮೆರಾ 0.05 ಡಿಗ್ರಿ ಸೆಲ್ಸಿಯಸ್‌ನಷ್ಟು ಸಣ್ಣ ಅಂತರವನ್ನೂ ತೋರಿಸಬಲ್ಲದು. ಆದರೆ ಅದು ತೋರಿಸುವುದು ಅಂತರವನ್ನೇ ಹೊರತು ವಸ್ತುವನ್ನಲ್ಲ ಎಂಬುದನ್ನು ನಿಮ್ಮ ಅಣ್ಣ ಕೊಳ್ಳುವ ಮೊದಲೇ ತಿಳಿದಿರಬೇಕು.

ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಸೇಂಟ್ ಮೇರಿಸ್ ದ್ವೀಪದ ಕರಿಕಲ್ಲುಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಹೊತ್ತಿಗೆ ನೀರಿಗಿಂತ ಬಿಸಿಯಾಗಿರುವುದರಿಂದ ಪರದೆಯಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಆಕಾಶ ತಿಳಿಯಾಗಿರುವ ಚಳಿಗಾಲದ ಬೆಳಗಿನ ಜಾವಕ್ಕೆ ಅವು ನೀರಿಗಿಂತ ತಣ್ಣಗಾಗಿ ಕಪ್ಪಗೆ ಕಾಣಬಹುದು. ನಡುವೆ ಒಂದು ಹೊತ್ತಿನಲ್ಲಿ ಕಲ್ಲೂ ನೀರೂ ಒಂದೇ ತಾಪಕ್ಕೆ ಬರುತ್ತವೆ, ಆಗ ಇದ್ದ ಬಂಡೆ ಪರದೆಯಿಂದ ಮಾಯವಾದಂತೆಯೇ ಸರಿ. ಬೆಳಿಗ್ಗೆ ಬಿಸಿಲೇರುವಾಗ ಮತ್ತೊಮ್ಮೆ ಹೀಗಾಗುತ್ತದೆ. ಅಳಿವೆಯ ತಡೆಗೋಡೆಯ ಕಲ್ಲುಗಳಿಗೂ ಇದೇ ಲೆಕ್ಕ.

ಪ್ರಶ್ನೆ: ಉಪ್ಪುನೀರು ತಾಗದಂತೆ ಕ್ಯಾಬಿನ್ನಿನ ಒಳಗಿಟ್ಟು, ಗಾಜಿನ ಮೂಲಕ ನೋಡಿದರೆ ಆಗದೆ?

ಉತ್ತರ: ಆಗದು. ನಮ್ಮ ಕಿಟಕಿಯ ಗಾಜು ಈ ಕಿರಣಗಳಿಗೆ ಗೋಡೆಯಿದ್ದಂತೆ. ಮೊದಲ ಸಲ ಇಂತಹ ಕ್ಯಾಮೆರಾ ಕೈಗೆ ಬಂದಾಗ ನಾನೂ ಗಾಜಿನತ್ತ ಹಿಡಿದು, ಹೊರಗೆ ಯಾರೋ ನಿಂತಿದ್ದಾರೆಂದು ಬೆಚ್ಚಿದ್ದೆ. ಅದು ಗಾಜಿನಲ್ಲಿ ಪ್ರತಿಫಲಿಸಿದ ನನ್ನದೇ ಮೈಶಾಖವಾಗಿತ್ತು. ಕ್ಯಾಮೆರಾದ ಮಸೂರವನ್ನು ಗಾಜಿನ ಬದಲು ಜರ್ಮೇನಿಯಂನಿಂದ ಮಾಡಿರುತ್ತಾರೆ. ನೋಟಕ್ಕೆ ಅದು ಲೋಹದ ಕನ್ನಡಿಯಂತಿದ್ದು ನಮ್ಮ ಕಣ್ಣಿಗೆ ಏನೂ ತೂರದಿದ್ದರೂ ಅವಕೆಂಪು ಕಿರಣಕ್ಕೆ ದಾರಿ ಬಿಡುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಹೊರಗೆ, ಸಾಧ್ಯವಾದಷ್ಟು ಎತ್ತರದಲ್ಲಿ, ಎಂಜಿನ್ನಿನ ಹೊಗೆಕೊಳವೆ ಅಡ್ಡ ಬಾರದಂತೆ ಕೂರಿಸಬೇಕು. ಮಸೂರದ ಮೇಲಿನ ನೀರಹನಿ ಚಿತ್ರವನ್ನು ಮಸುಕುಗೊಳಿಸುವುದರಿಂದ ಸಿಹಿನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಆಗಾಗ ಟಿಕ್ ಎಂದು ಸದ್ದಾಗಿ ಚಿತ್ರ ಕ್ಷಣಕಾಲ ನಿಂತರೆ ಗಾಬರಿ ಬೇಡ. ಕ್ಯಾಮೆರಾ ತನ್ನೊಳಗಿನ ಮುಚ್ಚಳವನ್ನು ಅಡ್ಡ ತಂದು ತನ್ನನ್ನು ತಾನೇ ಸರಿಹೊಂದಿಸಿಕೊಳ್ಳುವ ಸದ್ದು ಅದು.

ಪ್ರಶ್ನೆ: ನೀರಿನಡಿಯ ಮೀನಿನ ಹಿಂಡು ಇದರಲ್ಲಿ ಕಾಣುವುದೆ?

ಉತ್ತರ: ಇಲ್ಲ. ನೀರಿನ ತೀರ ಮೇಲಿನ, ಮಿಲಿಮೀಟರಿಗಿಂತಲೂ ತೆಳುವಾದ ಪದರದ ಶಾಖವಷ್ಟೇ ಕ್ಯಾಮೆರಾಕ್ಕೆ ತಲುಪುತ್ತದೆ. ಮೀನಿಗೆ, ಶಬ್ದದ ಅಲೆಗಳಿಂದ ನೀರಿನಡಿ ಹುಡುಕುವ ಫಿಶ್ ಫೈಂಡರೇ ಗತಿ.

ಪ್ರಶ್ನೆ: ರಾತ್ರಿ ಯಾರಾದರೂ ನೀರಿಗೆ ಬಿದ್ದರೆ ಎಷ್ಟು ದೂರದಿಂದ ಕಂಡಾರು?

ಉತ್ತರ: ಈ ಪ್ರಶ್ನೆಗೆ ಮಾರಾಟಗಾರರ ಪಟ್ಟಿಯಲ್ಲಿರುವ ಅಂಕಿಯನ್ನು ನಂಬಿ ಕೂರಬಾರದು. ಆ ಅಂಕಿ ಸಾಮಾನ್ಯವಾಗಿ 1.8 ಮೀಟರ್ ಎತ್ತರ, ಅರ್ಧ ಮೀಟರ್ ಅಗಲದ, ನೆಟ್ಟಗೆ ನಿಂತ ಮನುಷ್ಯನನ್ನು ಲೆಕ್ಕಕ್ಕೆ ಹಿಡಿದದ್ದು. ನೀರಿಗೆ ಬಿದ್ದವನ ತಲೆಯಷ್ಟೇ ಮೇಲಿರುತ್ತದೆ. ನೋಟದ ಅಗಲ 24 ಡಿಗ್ರಿ, ಅಡ್ಡಸಾಲಿಗೆ 320 ಬಿಂದುಗಳು (ಪಿಕ್ಸೆಲ್‌ಗಳು) ಇರುವ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. 100 ಮೀಟರ್ ದೂರದಲ್ಲಿ ಅದರ ಒಂದು ಬಿಂದು ಸುಮಾರು 13 ಸೆಂಟಿಮೀಟರ್ ಜಾಗವನ್ನು ಆವರಿಸುವುದರಿಂದ, ತಲೆಯೊಂದು ಎರಡು ಬಿಂದುಗಳಷ್ಟೂ ತುಂಬುವುದಿಲ್ಲ. ಏನೋ ಇದೆ ಎಂದು ಗುರುತಿಸಲು ಸುಮಾರು ಎರಡು ಬಿಂದುಗಳಾದರೂ ಬೇಕೆಂಬುದು ವಾಡಿಕೆಯ ಲೆಕ್ಕ. ಅಷ್ಟೇ ಅಗಲದ ನೋಟಕ್ಕೆ 640 ಬಿಂದುಗಳಿದ್ದರೆ ದೂರ ಇಮ್ಮಡಿಯಾಗುತ್ತದೆ. ಹಣ ಖರ್ಚು ಮಾಡುವುದಿದ್ದರೆ ಬಣ್ಣಬಣ್ಣದ ಪರದೆಗಿಂತ ಇದಕ್ಕೇ ಮಾಡಿ ಎಂಬುದು ನನ್ನ ಸಲಹೆ. ಚಿತ್ರ ಸೆಕೆಂಡಿಗೆ 9 ಸಲ ಮಾತ್ರ ಬದಲಾಗುವ ಅಗ್ಗದ ಮಾದರಿಗಳು, ಅಲೆಗೆ ಬೋಟು ಹೊಯ್ದಾಡುವಾಗ ಕಣ್ಣಿಗೆ ಹಿಂಸೆ.

ನಮ್ಮ ಕಡಲಿನದೇ ಇನ್ನೊಂದು ತೊಡಕಿದೆ. 10 ಡಿಗ್ರಿಯ ತಣ್ಣೀರಿನಲ್ಲಿ ಮನುಷ್ಯನ ಮುಖ ದೀಪದಂತೆ ಹೊಳೆದೀತು. ನಮ್ಮ ಅರಬ್ಬೀ ಸಮುದ್ರದ ಮೇಲ್ಮೈ ವರ್ಷದ ಬಹುಕಾಲ 28ರಿಂದ 30 ಡಿಗ್ರಿ ಇರುವಾಗ, ಒದ್ದೆಯಾದ ಮುಖಕ್ಕೂ ನೀರಿಗೂ ಇರುವ ಅಂತರ ಕೆಲವೇ ಡಿಗ್ರಿ. ಗಾಳಿಯಲ್ಲಿನ ತೇವ, ಅದರಲ್ಲೂ ಜೋರು ಮಳೆ, ಆ ಅಂತರವನ್ನೂ ನುಂಗಿಹಾಕುತ್ತದೆ.

ಆದ್ದರಿಂದ ಅಣ್ಣನಿಗೆ ಒಂದು ಪ್ರಯೋಗ ಮಾಡಲು ಹೇಳಿ. ಐದು ಲೀಟರಿನ ಕ್ಯಾನಿಗೆ ಉಗುರುಬೆಚ್ಚಗಿನ ನೀರನ್ನು ಪೂರ್ತಿ ತುಂಬದೆ ಹಾಕಿ, ಬಾಯಿ ಬಿಗಿದು, ಹಗ್ಗ ಕಟ್ಟಿ, ಕತ್ತಲಾದ ಮೇಲೆ ಬಂದರಿನ ಹೊರಗೆ ತೇಲಿಬಿಡಲಿ. ಅದು ಹೆಚ್ಚುಕಡಿಮೆ ತಲೆಯ ಗಾತ್ರವೇ ಆಗುತ್ತದೆ. ಬೋಟು ನಿಧಾನವಾಗಿ ದೂರ ಸರಿಯುವಾಗ ಅದು ಪರದೆಯಲ್ಲಿ ಎಲ್ಲಿಯವರೆಗೆ ಕಾಣುತ್ತದೆಂಬುದನ್ನು ಜಿಪಿಎಸ್ ನೋಡಿ ಬರೆದಿಟ್ಟುಕೊಳ್ಳಲಿ. ಅದೇ ಅವರ ಬೋಟಿನ, ಅವರ ಕ್ಯಾಮೆರಾದ ನಿಜವಾದ ಅಂಕಿ. ಕೊಳ್ಳುವ ಮೊದಲೇ ಅಂಗಡಿಯವರಿಂದ ಒಂದು ರಾತ್ರಿಯ ಮಟ್ಟಿಗೆ ಕೇಳಿ ಪಡೆದು ಪರೀಕ್ಷಿಸಿದರೆ ಇನ್ನೂ ಲೇಸು.