ಬೆಳ್ಳಗಾದ ಅನಿಮೋನ್‌ಗೆ ಮತ್ತೆ ಬಣ್ಣ ಬರುತ್ತದೆಯೇ?

ಪ್ರಶ್ನೆ: ನಮ್ಮ ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಬಬಲ್ ಟಿಪ್ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಪೂರ್ತಿ ಬಿಳುಚಿಕೊಂಡಿದೆ. ಬಾಯಿ ಮುಚ್ಚಿದೆ, ಕಲ್ಲನ್ನು ಬಿಟ್ಟಿಲ್ಲ. ಲೈಟ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಬಾಯಿ ಮುಚ್ಚಿ ಕಲ್ಲನ್ನು ಹಿಡಿದಿದೆ ಎಂದರೆ ಖಂಡಿತ ಆಸೆಯಿದೆ. ಆದರೆ ಲೈಟನ್ನು ಏಕಾಏಕಿ ಹೆಚ್ಚಿಸಬೇಡಿ. ಮೈಯೊಳಗಿದ್ದು ಬೆಳಕಿನಿಂದ ಆಹಾರ ತಯಾರಿಸಿಕೊಡುವ ಸೂಕ್ಷ್ಮ ಪಾಚಿ ಹೊರಟುಹೋಗಿರುವುದೇ ಈ ಬಿಳುಪಿಗೆ ಕಾರಣ. ಉಳಿದಿರುವ ಅಷ್ಟಿಷ್ಟು ಪಾಚಿಗೂ ತೀವ್ರ ಬೆಳಕು ಹಾನಿ ಮಾಡುತ್ತದೆ. ಈಗಿನ ಅರ್ಧದಷ್ಟಕ್ಕೆ ಇಳಿಸಿ, ವಾರಕ್ಕೆ ಶೇ. 5ರಂತೆ ಏರಿಸಿ.

ಪಾಚಿ ಮರಳುವವರೆಗೆ ಅದನ್ನು ಬದುಕಿಸುವುದು ನೀವು ಕೊಡುವ ಊಟ. ಕರಗಿಸಿದ ಮೈಸಿಸ್ (ಹೆಪ್ಪುಗಟ್ಟಿಸಿ ಮಾರುವ, ಸೀಗಡಿಯಂಥ ಪುಟ್ಟ ಜೀವಿ), ಇಲ್ಲವೇ ಹಸಿ ಸೀಗಡಿಯ ಸಣ್ಣ ಚೂರು, ವಾರಕ್ಕೆ 2–3 ಸಲ ಸಾಕು. ಚೂರು ಬಾಯಿಗಿಂತ ಚಿಕ್ಕದಿರಲಿ. ದೊಡ್ಡದನ್ನು ನುಂಗಿದರೂ ಲೋಳೆಯ ಜೊತೆ ಹೊರಗೆ ಹಾಕುತ್ತದೆ, ಇದ್ದ ಶಕ್ತಿಯೂ ವ್ಯರ್ಥ. ಬಿಳುಚಿದ ಅನಿಮೋನ್‌ನ ಕರಬಳ್ಳಿಗಳಿಗೆ ಅಂಟು ಕಡಿಮೆ. ಹಾಗಾಗಿ ಪಂಪ್ ನಿಲ್ಲಿಸಿ, ಇಕ್ಕಳದಿಂದ ಬಾಯಿಯ ಹತ್ತಿರವೇ ಇಡಿ. ಮೀನು ಕಸಿಯದಂತೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಅದರ ಮೇಲೆ 15–20 ನಿಮಿಷ ಮುಚ್ಚಿಡಿ.

ನೀರಿನ ತಾಪ 25–26 ಡಿಗ್ರಿ, ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.025–1.026 ಇರಲಿ. ನೀರಿನಲ್ಲಿ ತ್ಯಾಜ್ಯದಿಂದ ಸೇರುವ ನೈಟ್ರೇಟನ್ನು ಸೊನ್ನೆಗೆ ಇಳಿಸುವ ಹಟ ಬೇಡ. ಪಾಚಿಗೂ ಅದು ಬೇಕು, 5–10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಒಳ್ಳೆಯದು. ಅನಿಮೋನ್‌ನಲ್ಲೇ ವಾಸಿಸುವ ಕ್ಲೌನ್ ಮೀನು ಉಜ್ಜಿ ಕಾಡುತ್ತಿದ್ದರೆ ಬೇರ್ಪಡಿಸಿ. ಪಂಪ್‌ಗಳ ಬಾಯಿಗೆ ಸ್ಪಂಜು ಕಟ್ಟಿ, ಅಲೆದಾಡುವ ಅನಿಮೋನ್ ಅಲ್ಲಿ ಸಿಕ್ಕಿಕೊಂಡರೆ ಛಿದ್ರವಾಗುತ್ತದೆ.

ತೆಳು ಕಂದು ಛಾಯೆ ಕಾಣಲು ತಿಂಗಳುಗಳೇ ಹಿಡಿಯಬಹುದು. ಬಾಯಿ ಜೋತುಬಿದ್ದು, ಮೈ ಕರಗಿ ನಾರತೊಡಗಿದರೆ ಮಾತ್ರ ಕೂಡಲೇ ಹೊರತೆಗೆಯಿರಿ; ಕೊಳೆತರೆ ಅಮೋನಿಯಾ ಏರಿ ಉಳಿದ ಜೀವಿಗಳೂ ಸಾಯುತ್ತವೆ.